ಫಟಫಟಿಗಿ ಹಚ್ಚಿದ ಕುರ್ಚಿ

ಗಂಡನ ಹೆಸರು ಹೇಳಬಾರದಂತ. ಹೇಳದಿದ್ರ ಈ ಕತಿ ಮುಂದ ಹೋಗೂದಿಲ್ಲ, ಅದಕ್ಕ ಒಂದ ಸಲ ಹೇಳಿ ಮುಗಿಸ್ತೇನಿ: ಸತ್ತೆಪ್ಪ. ಇನ್ನ ಮುಂದ ನಮ್ಮನಿಯವ್ರು ಅಂದ್ರ ಅವ್ರ ಅಂತ ತಿಳೀರಿ. ನಾ ಕೆಂಪವ್ವ. ಊರು ಮೂಡಲಗಿ ಕಡೆ, ಕುಲಗೋಡದಿಂದ ಭಾಳ ದೂರ ಇಲ್ಲ. ಊರಿನ ಹೆಸರು ಮಾತ್ರ ಕೇಳಬ್ಯಾಡ್ರಿ, ಆ ಮಂದಿ ಇನ್ನೂ ಜೀವಂತ ಅದಾರ, ಮಾರಿ ಸಣ್ಣದು ಮಾಡ್ಕೋತಾರ.

ನಮ್ಮನಿಯವ್ರು ಮಿಲ್ಟ್ರ್ಯಾಗ ಇದ್ರು. ಲಡಾಯಿ ಹೊತ್ತಿನ್ಯಾಗ ಫಟಫಟಿ ಮ್ಯಾಲ ಟಪಾಲ ಒಯ್ಯೂ ಕೆಲಸ. ಲಡಾಯಿ ಮುಗೀತು, ಬಿಳೀ ಸಾಹೇಬರು ಗಂಟ ಕಟ್ಟಿದ್ರು. ಮುಂದ ಎಷ್ಟೋ ವರ್ಷಕ್ಕ ಬೆಳಗಾವಿ ಕ್ಯಾಂಪಿನ್ಯಾಗ ಹಳೀ ಫಟಫಟಿಗೋಳನ್ನ ಮೋಡಕಾ ಕಬ್ಬಣ ಅಂತ ಲಿಲಾವ ಮಾಡಿದ್ರು. ಇವ್ರು ಕೂಡಿಟ್ಟ ರೊಕ್ಕ ಎಲ್ಲಾ ಸುರದು ಒಂದ ತಂದ್ರು. ತಂದ್ರು ಅಂದ್ರ ಓಡಿಸ್ಕೊಂಡಲ್ಲ, ಬಂಡ್ಯಾಗ ಹೇರ್ಕೊಂಡು.

"ಇದರ ಬದಲಿ ಒಂದ ಎಮ್ಮಿ ತಂದಿದ್ರ ಹಾಲರ ಕೊಡತಿತ್ತು," ಅಂದೆ ನಾನು. ಸಿಟ್ಟ ನೆತ್ತಿಗೇರಿತ್ತು.

"ಇದು ಮೊದಲ ಹೆಂಗಿತ್ತೋ ಹಂಗ ಮಾಡ್ತೇನಿ," ಅಂದ್ರು. "ಅದ ಹಸರ ಬಣ್ಣ, ಹಿಂದ ಅದ ಗಾದಿ. ಆ ಗಾದಿ ಮ್ಯಾಲ ನಿನ್ನ ಕುಂಡ್ರಿಸ್ಕೊಂಡು ಅಗಸಿ ಹಾಯ್ದು ಗೋಕಾಕ ತನಕ ಒಯ್ಯಾಂವ."

ನನ್ನ ಸಿಟ್ಟ ಎಲ್ಲಿ ಹೋತೋ ಏನೋ. ಗೋಕಾಕಕ್ಕಲ್ಲ ಹಿಗ್ಗಿದ್ದು. ಅಗಸಿ ಹಾಯ್ದು ಅಂದ್ರಲ್ಲ, ಅದಕ್ಕ.

ನಮ್ಮ ಕೇರಿ ಊರ ಹೊರಗ ಈ ಕಡೆ, ಗೋಕಾಕ ರಸ್ತಾ ಊರ ಆ ಕಡೆ. ನಡುವ ಊರ ಹೆಬ್ಬಾಗಲ ಅಗಸಿ, ಅಗಸಿ ದಾಟಿದ್ರ ಗೌಡರ ದೊಡ್ಡ ಓಣಿ. ನಮ್ಮ ಪೈಕಿ ಯಾರರ ಸೈಕಲ್ ಹತ್ತಿ ಬಂದ್ರ ಅಗಸ್ಯಾಗ ಇಳೀಬೇಕು, ಓಣಿ ಮುಗಿಯೂ ತನಕ ತಳ್ಕೊಂಡ ಹೋಗಬೇಕು. ಹಿರ್ಯಾರು ಕಟ್ಟಿ ಮ್ಯಾಲ ಕುಂತಿರತಾರ, ನಾವು ಕುಂತ ಹಾದ್ರ ಅವರ ಎತ್ತರ ಕಮ್ಮಿ ಆಗತೈತಂತ! ಇಂಥಾದ್ದೆಲ್ಲಾ ಅಪರಾಧ ಅಂತ ಕಾಯ್ದೆ ಆಗಿತ್ತು ಖರೆ. ಕಾಯ್ದೆ ಬೆಳಗಾವಿ ತನಕ ಬಂದಿತ್ತು, ಅಲ್ಲಿಂದ ಮುಂದ ಅದಕ್ಕ ಬಸ್ ಸಿಕ್ಕಿರಲಿಲ್ಲ. ಗೌಡ ಗುರುಲಿಂಗಪ್ಪನ ತಮ್ಮ ಅಪ್ಪಣ್ಣ ಅಂತ ಒಬ್ಬಾಂವ ಇದ್ದ. ಬೆಳಗಾದ್ರ ಅಗಸಿ ಕಟ್ಟಿ ಮ್ಯಾಲ ಕುಂಡ್ರೂದು, ನಮ್ಮವ್ರನ್ನ ಕಂಡ್ರ "ಇಳಿ" ಅನ್ನೂದು, ಎಲಿ ಅಡಿಕಿ ಉಗಳೂದು, ಇಷ್ಟ ಅವನ ದುಡಿಮಿ.

ಇವ್ರು ದಿನಾ ಕೂಲಿಯಿಂದ ಬಂದು ಫಟಫಟಿ ಬಿಚ್ಚೂದು, ಚಿಮಣಿ ಎಣ್ಣ್ಯಾಗ ತೊಳ್ಯೂದು, ಮತ್ತ ಜೋಡಸೂದು ಮಾಡಿದ್ರು. ಒಂದ ದಿನ ಅದು ಖರೇನ ಗುಡುಗಿತು ನೋಡ್ರಿ! ಕೇರಿ ಕೋಳಿ ಎಲ್ಲಾ ಛಪ್ಪರ ಹತ್ತಿದ್ವು. ಆದ್ರ ಟಾಯರ್ ಎರಡೂ ಸೀಳಿದ್ವು. ಹೊಸಾವು ತರೂ ತಾಕತ್ತು ನಮಗಿರಲಿಲ್ಲ.

ಆ ಸಪ್ಪಳ ಗೌಡನ ಕಿವಿಗಿ ಬಿತ್ತು. ಎಂದೂ ಕೇರಿ ಕಡೆ ಹೊಳ್ಳಿ ನೋಡದಾಂವ, ಧೋತರದ ಚುಂಗ ಎತ್ತಿ ಹಿಡ್ಕೊಂಡು ಬೇವಿನ ಗಿಡದ ತನಕ ಬಂದ. ಬೋರ್ಡಿನ ಇಲೆಕ್ಷನ್‌ಕ್ಕ ನಿಂತಿದ್ದ. ಹುಕ್ಕೇರಿ, ಹತ್ತರಗಿ ತನಕ ಬೀಗರನ್ನ ಕಂಡು ಮಾತಾಡೂದಿತ್ತು. ಬಂಡ್ಯಾಗ ಹೋದ್ರ ಕಿಮ್ಮತ್ತ ಇಲ್ಲ, ಬಸ್ಸಿನ್ಯಾಗ ಹೋದ್ರ ಯಾರರ ಬಾಜೂಕ ಕುಂಡ್ರಬೇಕು.

"ಸತ್ಯಾ, ಟಾಯರ್ ನಂದು, ಪೆಟ್ರೋಲ್ ನಂದು," ಅಂದ. "ಬಾಜೂಕ ತೊಟ್ಟಿಲದಂಗ ಒಂದ ಹಚ್ಚಿಸಿ, ನನ್ನ ಕುಂಡ್ರಿಸ್ಕೊಂಡು ತಿರಗಸು."

ಅಂದಾಂವ ಗಕ್ಕನ ನಿಂತ. ಬೆಳಗಾವ್ಯಾಗ ಅಂಥಾ ತೊಟ್ಟಿಲ ನೋಡಿದ್ದ. ಸಾಹೇಬ ನೆಲಕ್ಕ ಹತ್ತಿ ಕುಂಡ್ರತಿದ್ದ, ಹೊಡ್ಯಾಂವ ಮ್ಯಾಲ. ಸಾಹೇಬಗ ಅದೇನ ಅನಸ್ತಿದ್ದಿಲ್ಲ. ನಮ್ಮ ಗೌಡ ಸಾಹೇಬಕ್ಕಿಂತ ದೊಡ್ಡಾಂವ! ಸತ್ಯಾ ಮ್ಯಾಲ, ನಾ ಕೆಳಗ? ಭಾಳ ವಿಚಾರ ಮಾಡಿ ಹೇಳಿದ: "ತೊಟ್ಟಿಲ ಬ್ಯಾಡ. ಕುರ್ಚಿ ಹಚ್ಚಸು. ಕಾಲ ಉದ್ದನ್ನ ಕುರ್ಚಿ, ಕೆಳಗೊಂದ ಗಾಲಿ. ನಿನ್ನ ಗಾದಿ ಕೆಳಗ ಮಾಡು, ಹಿಂದಿನ ಗಾದಿ ತಗದ ಒಗಿ. ಅಲ್ಲಿ ಯಾರ ಕುಂಡ್ರಾವ್ರದಾರು?"

ಅವತ್ತ ಮನ್ಯಾಗ ಒಲಿ ಹತ್ತಲಿಲ್ಲ, ಜಗಳ ಹತ್ತಿತು.

"ಗೌಡ ಬಾಜೂಕಿದ್ರ ಅಪ್ಪಣ್ಣ ಇಳಿ ಅನ್ನೂದಿಲ್ಲ," ಅಂದ್ರು ನಮ್ಮನಿಯವ್ರು. "ಒಮ್ಮೆರ ಓಣ್ಯಾಗ ಕುಂತ ಹೊಕ್ಕೇನಿ. ಇಲೆಕ್ಷನ್ ಮುಗೀಲಿ, ಕುರ್ಚಿ ಕಿತ್ತು ಮೊದಲಿನಂಗ ಮಾಡೂಣು."

"ಕುಂತ ಹೋಗ್ತೀರಿ ಖರೆ, ಗೌಡನ ಆಳಾಗಿ ಹೋಗ್ತೀರಿ. ಹಿಂದಿನ ಗಾದಿ ತಗದ್ರ ನಾ ಎಲ್ಲಿ ಕುಂಡ್ರಲಿ? ಗೌಡನ ತೊಡಿ ಮ್ಯಾಲೋ?"

ಅವ್ರು ಸೀಳಿದ ಟಾಯರ್ ಮ್ಯಾಲ ಕೈ ಆಡಿಸ್ಕೋತ ಕುಂತ್ರು. ಬಡವನ ಸಿಟ್ಟು ದವಡಿಗಿ ಮೂಲ ಅಂತಾರಲ್ಲ, ನನ್ನ ಸಿಟ್ಟಿಗಿ ಟಾಯರ್ ಬರತಿದ್ದಿಲ್ಲ. ಮರುದಿನ ಹಿಂದಿನ ಗಾದಿ ಬಿಚ್ಚಿ ಗ್ವಾಡಿ ಮಾಡದಾಗಿಟ್ರು. ನಾ ಅವ್ರ ಕೂಡ ಮಾತ ಬಿಟ್ಟೆ.

ಮೂಡಲಗಿಯಿಂದ ಕಂಬಾರ ಶಿದ್ರಾಮನ್ನ ಕರಸಿದ್ರು. ಗೌಡನ ಮನಿ ಮುಂದ ಅಳತಿ ಸುರು ಆತು. ಗೌಡ ಕುರ್ಚಿ ಮ್ಯಾಲ, ನಮ್ಮನಿಯವ್ರು ಗಾದಿ ಮ್ಯಾಲ, ಅಪ್ಪಣ್ಣ ಇಬ್ಬರ ನೆತ್ತಿಗಿ ದಾರ ಹಿಡದು ನೋಡಾಂವ. ನಮ್ಮನಿಯವ್ರದು ಮಿಲ್ಟ್ರಿ ಬೆನ್ನ, ಒಮ್ಮೆ ಸೆಟದ ಕುಂತ್ರ ಗೌಡನ ರುಮಾಲಿನ ಸಮಾ ಬರತಿದ್ರು.

"ಬೆನ್ನ ಬಗ್ಗಸಲೇ!" ಅಂತ ಅಪ್ಪಣ್ಣ.

"ಇನ್ನೊಂದ ಗೇಣ ಎತ್ತೂಣ್ರಿ ಗೌಡ್ರ, ಶೋಭಾ ಬರತೈತಿ," ಅಂತ ಶಿದ್ರಾಮ. ಕಬ್ಬಣ ಹೆಚ್ಚಿಗಿ ಹತ್ತಿದಷ್ಟು ಅವಂಗ ಲಾಭ.

"ಹೊಳ್ಳೂ ಮುಂದ ಹೊಯ್ದಾಡತೈತ್ರಿ," ಅಂದ್ರು ಇವ್ರು.

"ನಿನ್ನ ಯಾರ ಕೇಳ್ಯಾರ?" ಅಂದ ಗೌಡ.

ಇದ ಗೌಡ ಬಸವ ಜಯಂತಿ ದಿನ ಅದ ಕಟ್ಟಿ ಮ್ಯಾಲ ನಿಂತು, ಮನುಷ್ಯಾರಾಗ ಮ್ಯಾಲ ಕೆಳಗ ಅನ್ನೂದಿಲ್ಲ ಅಂತ ಗಂಟ್ಲ ಹರಕೊಂಡಿದ್ದ. ಮಂದಿ ಚಪ್ಪಾಳಿ ಹೊಡದಿದ್ರು. ನಾವೂ ದೂರ ನಿಂತು ಹೊಡದಿದ್ವಿ.

ಜ್ವಾಳದ ಹೊಲದಾಗ ಹಕ್ಕಿ ಕಾಯೂ ಅಟ್ಟ ನೋಡೀರೇನು? ಅದಕ್ಕ ಗಾಲಿ ಹಚ್ಚಿದಂಗ ಆತು ಆ ಫಟಫಟಿ. ಕಾಯಿ ಒಡದ್ರು, ಹೂವಿನ ಮಾಲಿ ಹಾಕಿದ್ರು. ಗೌಡ ನಿಚ್ಚಣಿಕಿ ಹಚ್ಚಿ ಹತ್ತಿದ. ಹಾಂ, ಖರೇನ ನಿಚ್ಚಣಿಕಿ! ಮೊದಲ ತನ್ನ ಕಬ್ಬಿನ ತ್ವಾಟಕ್ಕ ಹೋಗಿ ಬರೂಣು ಅಂದ. ತ್ವಾಟ ನಮ್ಮ ಕೇರಿ ದಾಟಿದ್ರ ಸಿಗೂ ಕೆನಾಲ ದಂಡಿ ಮ್ಯಾಲ.

ನಾ ಅದ ತ್ವಾಟದಾಗ ಕಳೇ ತಗ್ಯಾಕತ್ತಿದ್ದೆ. ಸಪ್ಪಳ ಕೇಳಿ ಎದ್ದ ನಿಂತೆ. ಮೊದಲ ಕಾಣಿಸಿದ್ದು ರುಮಾಲ, ಕಬ್ಬಿನ ಸುಳಿ ಮ್ಯಾಲ ತೇಲ್ಕೋತ ಬರಾಕತ್ತಿತ್ತು. ಅದರ ಕೆಳಗೆಲ್ಲೋ ನನ್ನ ಗಂಡ. ಕೆನಾಲ ಹತ್ರ ದಾರಿ ಗಕ್ಕನ ಹೊಳ್ಳತೈತಿ. ಫಟಫಟಿ ಹೊಳ್ಳಿತು, ಕುರ್ಚಿ ಹೊಳ್ಳಲಿಲ್ಲ. ಬೋಲ್ಟ ಕಿತ್ತು ಕುರ್ಚಿ ಒಂದ ಕಡೆ, ರುಮಾಲ ಒಂದ ಕಡೆ, ಗೌಡ ಕೆನಾಲ ರಾಡ್ಯಾಗ.

"ಸತ್ನೆಪ್ಪೋ!" ಅಂತ ಗೌಡ ಚೀರಿದ.

ಓಡಿ ಹೋಗಿ ನೋಡಿದ್ರ ಗೌಡನ ಪಾದ ಹೊಳ್ಳಿ ಬಾಜೂಕ ಆಗಿತ್ತು. ಹೀಂಗ ಕಂಡಾಗ ನಗಬಾರದು. ನಾ ಸೆರಗ ಬಾಯಾಗ ತುರಕ್ಕೊಂಡೆ.

"ನಿನ್ನ ಗಾಡೀನ ಡೊಂಕೈತಿ!" ಅಂತ ಅಲ್ಲೂ ಒದರಿದ. ಕುಣಿಯಾಕ ಬಾರದಾಕಿ ನೆಲಾ ಡೊಂಕ ಅಂದ್ಲಂತ.

ಬಂಡಿ ಎಲ್ಲಾ ಕಬ್ಬ ಹೇರಾಕ ಹೋಗಿದ್ವು. ದವಾಖಾನಿ ಘಟಪ್ರಭಾದಾಗ, ಧುಪದಾಳದ ಬಾಜೂಕ, ಹೋಗೂದು ಅಗಸಿ ಹಾಯ್ದ. ಉಳದದ್ದು ಫಟಫಟಿ ಒಂದ. ಹಿಂದ ಗಾದಿ ಇಲ್ಲ, ಬರೇ ಕಬ್ಬಣದ ಕ್ಯಾರಿಯರ್. ನನ್ನ ತಲಿ ಮ್ಯಾಲಿನ ಸಿಂಬಿ ತಗದು ಅದರ ಮ್ಯಾಲ ಹಾಕಿದೆ, ಗೌಡನ್ನ ಎತ್ತಿ ಕುಂಡ್ರಿಸಿದ್ವಿ. ಮುಟ್ಟಬ್ಯಾಡ ಅಂತ ಅನ್ನಲಿಲ್ಲ. ನಮ್ಮನಿಯವ್ರ ನಡಾ ಎರಡೂ ಕೈಲೆ ತಬ್ಬಿ, ಬೆನ್ನಿಗಿ ಮಾರಿ ಇಟ್ಟು, ಕೂಸಿನಂಗ ಅಳಾಕತ್ತಿದ್ದ. ದಾರಿ ತುಂಬ ತಗ್ಗು, ಗಾಡಿ ಸಾವಕಾಶ ನಡೀತು. ನಾ ಹಿಂದ ಓಡಿದೆ.

ಅಗಸಿ ಬಂತು. ಅಪ್ಪಣ್ಣ ಕಟ್ಟಿ ಮ್ಯಾಲ ಕುಂತಿದ್ದ. ಕುರ್ಚಿ ಇಲ್ಲ, ಸತ್ಯಾ ಎತ್ತರಕ್ಕ ಕುಂತ ಬರಾಕತ್ಯಾನ, ಅಷ್ಟ ಕಂಡ್ತು ಅವಂಗ. ರಾಡಿ ಮೆತ್ತಿದ ಅಣ್ಣನ ಗುರ್ತ ಎಲ್ಲಿ ಹತ್ತಬೇಕು!

"ಇಳೀಲೇ! ಅಲ್ಪಗ ಐಶ್ವರ್ಯ ಬಂದ್ರ ಅರ್ಧರಾತ್ರ್ಯಾಗ ಕೊಡಿ ಹಿಡದ್ನಂತ. ಇಳಿ ಕೆಳಗ!"

ನಮ್ಮನಿಯವ್ರು ಎಂಜಿನ್ ಬಂದ್ ಮಾಡಿದ್ರು. ಇಳದ್ರು. ಗೌಡನ್ನ ಮ್ಯಾಲ ಇಟ್ಕೊಂಡು, ಹ್ಯಾಂಡಲ್ ಹಿಡದು, ಓಣ್ಯಾಗ ತಳ್ಳಾಕತ್ತಿದ್ರು. ಗೌಡರ ಓಣ್ಯಾಗ ಹಾಸಗಲ್ಲ. ಒಂದೊಂದ ಕಲ್ಲಿಗೂ ಪಾದ ಜೋಲಿ ಹೊಡದು ಗೌಡ ಮುಗಲಿಗಿ ಮುಟ್ಟೂವಂಗ ಒದರಾಂವ. ಬಾಗಲಕ್ಕ ಬಾಗಲಕ್ಕ ಮಂದಿ ಬಂತು.

"ಯಾಕ ಇಳದಿ? ಹೊಡೀಲೇ ಗಾಡಿ!" ಅಂದ ಗೌಡ.

"ಊರ ರೀತಿ ಐತ್ರಿ," ಅಂದ್ರು ನಮ್ಮನಿಯವ್ರು. ಮಾರಿ ಮ್ಯಾಲ ನಗೀ ಇಲ್ಲ, ಏನೂ ಇಲ್ಲ. ಮತ್ತೊಂದ ಕಲ್ಲ ದಾಟಿಸಿದ್ರು.

"ಅಯ್ಯಯ್ಯೋ! ಹತ್ತೋ ಮಾರಾಯಾ!"

"ಹತ್ತಿದ್ರ ನಿಮ್ಮಷ್ಟ ಎತ್ತರ ಆಕ್ಕೇನ್ರಿ."

"ಆಗು! ಹನಮಪ್ಪನ ಗುಡಿ ಕಳಸದಷ್ಟ ಎತ್ತರ ಆಗು! ಹತ್ತು!"

ಇವ್ರು ಕಾಲ ಎತ್ತಿದ್ರು. ನಾ ಹ್ಯಾಂಡಲ್ ಹಿಡದು ಅಡ್ಡ ನಿಂತೆ. ಎಲ್ಲಿಂದ ಬಂತೋ ಆ ಧೈರ್ಯ! ಗೌಡನ ಮಾರೀಗಿ ಮಾರಿ ಕೊಟ್ಟು ಕೇಳಿದೆ: "ಇವತ್ತಿಗಷ್ಟೋ, ದಿನಾನೋ? ಎಲ್ಲಾರಿಗೂ ಕೇಳೂವಂಗ ಹೇಳ್ರಿ. ನಾಳೆ ನಿಮ್ಮ ತಮ್ಮ ದಂಡಾ ಹಾಕಿದ್ರ?"

"ದಿನಾ ಹೋಗ್ರಿ! ಸೈಕಲ್ ಮ್ಯಾಲ ಹೋಗ್ರಿ, ಫಟಫಟಿ ಮ್ಯಾಲ ಹೋಗ್ರಿ, ನೀನೂ ಹತ್ತಿ ಹೋಗು! ಬಿಡಬೇ ಯವ್ವಾ ನನ್ನ!"

ಗೌಡ ನನಗ ಯವ್ವಾ ಅಂದಿದ್ದ. ಬಿಟ್ಟೆ. ಗಾಡಿ ಗುಡುಗಿತು, ಹೋದ್ರು. ಓಣಿಗಿ ಓಣಿನ ಬಾಯಿ ತಗದು ನಿಂತಿತ್ತು.

ಗೌಡ ಕಾಲಿಗಿ ಪಟ್ಟಿ ಕಟ್ಟಿಸ್ಕೊಂಡು ಮನ್ಯಾಗ ಬಿದ್ದ. ಇಲೆಕ್ಷನ್ ಹೋತು. ಟಾಯರ್ ಹೊಳ್ಳಿ ಕೊಡು ಅನ್ನಲಿಲ್ಲ. ಕೇಳಿದ್ರ ಮಂದಿ ಕುರ್ಚಿ ಮಾತ ತಗೀತಿದ್ರಲ್ಲ! ನಮ್ಮನಿಯವ್ರು ಬೋಲ್ಟಿನ ಗುರ್ತ ತಿಕ್ಕಿ, ತಮ್ಮ ಗಾದಿ ಎತ್ತರಿಸಿ, ಮಿಲ್ಟ್ರಿ ಹಸರ ಬಣ್ಣ ಬಳದು, ಕಡೀಕ ಮಾಡದಾಗಿನ ಗಾದಿ ತಂದು ಹಿಂದ ಕುಂಡ್ರಿಸಿದ್ರು. ನಾನೂ ಮಾತ ಬಿಟ್ಟದ್ದ ಮರತೆ. ಇಳಕಲ್ಲ ಸೀರಿ ಉಟ್ಟು ಹತ್ತಿದೆ.

ಅಗಸಿ ಕಂಡ್ತು. ಕಟ್ಟಿ ಮ್ಯಾಲ ಅಪ್ಪಣ್ಣ ಕಂಡ. ಅಷ್ಟ ನನಗ ಗೊತ್ತು. ಎದಿ ಹಾರಿ, ಕಣ್ಣ ಗಪ್ಪನ ಮುಚ್ಚಿ, ಇವ್ರ ಬೆನ್ನಿಗಿ ಅಂಟಿಕೊಂಡೆ.

"ಓಣಿ ಬಂತೇನ್ರಿ?"

"ಓಣಿ ಮುಗದು ಗುಡಿ ದಾಟೇವಿ."

"ಯಾರ್ಯಾರ ಇದ್ರು? ಅಪ್ಪಣ್ಣನ ಮಾರಿ ಹೆಂಗಿತ್ತು?"

"ನಾ ದಾರಿ ನೋಡ್ಲ್ಯೋ ಅವನ ಮಾರಿ ನೋಡ್ಲ್ಯೋ?"

ನನ್ನ ಹೆಣಾ ಎತ್ತಲಿ! ಬುದ್ಧಿ ತಿಳದಾಗಿಂದ ಕಾಯ್ದ ಹೊತ್ತು, ಕಣ್ಣ ಮುಚ್ಚಿ ಕಳಕೊಂಡಿದ್ದೆ. ಅಳುವೂ ಬಂತು, ಸಿಟ್ಟೂ ಬಂತು.

"ಗಾಡಿ ಹೊಳ್ಳಸ್ರಿ," ಅಂದೆ.

"ಗೋಕಾಕ?"

"ಗೋಕಾಕ ಎಲ್ಲಿ ಓಡಿ ಹೊಕ್ಕೈತಿ? ಹೊಳ್ಳಸ್ರಿ ಅಂದ್ನಿ!"

ಹೊಳ್ಳಿಸಿದ್ರು. ಈ ಸಲ ಬೆನ್ನ ಸೆಟಸಿ ಕುಂತೆ. ಸಾವಕಾಶ ಹೊಡೀರಿ ಅಂತ ಇವ್ರ ಬೆನ್ನಿಗಿ ತಿವದು, ಓಣ್ಯಾಗಿದ್ದ ಒಬ್ಬೊಬ್ಬರ ಮಾರೀನೂ ಕಣ್ಣ ತುಂಬ ನೋಡ್ಕೋತ ಹೋದೆ.