ಕತ್ತರಿಸಿ ಹೊಲಿದ ನಾಡಿ

ಮೇಷ್ಟ್ರು ಹೆಂಡತಿಯ ಎಡಗೈ ಮಣಿಕಟ್ಟು ಹಿಡಿದವರು ಬಿಡಲೊಲ್ಲರು.

“ಬಡೀತಾ ಇದೆ,” ಎಂದರು.

ಮಗಳು ಪಕ್ಕದಲ್ಲಿ ಕೂತು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. “ಅಪ್ಪಾ, ಅದು ನಿಮ್ಮ ಬೆರಳಿನ ಬಡಿತ. ಅಮ್ಮ ನಿನ್ನೇನೇ ಹೋದ್ಲು. ಸ್ಮಶಾನಕ್ಕೆ ಗಾಡಿ ಬರೋ ಹೊತ್ತಾಯ್ತು, ಏಳಿ.”

ಜೀವಮಾನವೆಲ್ಲ ರಕ್ತ ಹರಿಯುವ ಗಣಿತ ಮಾಡಿದ ಮನುಷ್ಯನಿಗೆ ಇಷ್ಟು ತಿಳಿಯದೆ? ತಿಳಿದಿತ್ತು. ಆದರೂ ಬಡಿತ ಬೆರಳ ತುದಿಗೇ ಅಂಟಿಕೊಂಡು ಬಂತು. ಅವರಿಗೆ ಹೆದರಿಕೆಯಾಯಿತು.

*

ಇಪ್ಪತ್ತು ವರ್ಷದ ಹಿಂದೆ, ಇದೇ ಕೋಣೆಯಲ್ಲಿ, ಅದೇ ಮಣಿಕಟ್ಟಿಗೆ ಅವರು ನಾಡಿ ಅಳೆಯುವ ಪಟ್ಟಿ ಕಟ್ಟಿದ್ದರು.

“ಮದುವೆಯಾದಮೇಲೆ ನೀವಾಗಿ ಕೈ ಹಿಡಿದಿದ್ದು ಇವತ್ತೇ, ಅದೂ ಲೆಕ್ಕಕ್ಕೆ,” ಎಂದು ಆಕೆ ನಕ್ಕಿದ್ದಳು. “ಏನ್ ಮಾಡ್ತೀರಿ ಇದನ್ನ?”

“ರಕ್ತನಾಳಕ್ಕೆ ಒಂದು ತೊಟ್ಟು ಬಣ್ಣ ಬಿಟ್ಟೆ ಅಂದ್ಕೋ. ಒಂದೊಂದು ಬಡಿತಕ್ಕೂ ಮುಂದೆ ಹೋಗುತ್ತೆ, ಸ್ವಲ್ಪ ಹಿಂದೆ ಬರುತ್ತೆ, ಹಾಗೇ ಹರಡುತ್ತೆ. ಎಷ್ಟು ಹರಡುತ್ತೆ ಅಂತ ಮೊದಲೇ ಹೇಳೋಕೆ ನಿನ್ನ ನಾಡಿ ಬೇಕು.”

ಕಂಪ್ಯೂಟರ್ ತೆರೆಯ ಮೇಲೆ ನಾಡಿಯ ಅಲೆಗಳು ಒಂದರ ಹಿಂದೊಂದು ಬಂದವು. ನಡುವೆ ಒಂದು ಬರಲೇ ಇಲ್ಲ.

“ಅಲ್ಲೇನದು, ಖಾಲಿ?”

“ಏನಿಲ್ಲ. ನೀನು ಕೈ ಅಲುಗಾಡಿಸಿದೆ.”

“ನಾನೆಲ್ಲಿ ಅಲುಗಾಡಿಸಿದೆ? ಕಲ್ಲಿನ ಹಾಗೆ ಕೂತಿದ್ದೀನಿ.”

ಸಮೀಕರಣಕ್ಕೆ ಎಲ್ಲ ಬಡಿತವೂ ಒಂದೇ ಸಮ ಇರಬೇಕಿತ್ತು. ಮೇಷ್ಟ್ರು ದಾಖಲಾದ ನಾಡಿಯಿಂದ ಆ ಖಾಲಿ ಜಾಗವನ್ನು ಕತ್ತರಿಸಿ, ಆಚೀಚೆಯದನ್ನು ಹೊಲಿಗೆ ಕಾಣದ ಹಾಗೆ ಜೋಡಿಸಿದರು. ಕೆಲಸ ಚೆನ್ನಾಗಿ ಬಂತೆಂದು ಖುಷಿಯೂ ಪಟ್ಟರು.

*

ಅವರ ಹಳೆಯ ಶಿಷ್ಯ, ಈಗ ತಾನೂ ಪಾಠ ಹೇಳುವವನು, ಒಳಗೆ ಬಂದು ಮಗಳ ಮುಂದೆ ನಿಂತ.

“ನಮ್ಮೆಲ್ಲರ ಲೆಕ್ಕಾನೂ ನಿಮ್ಮ ಅಮ್ಮನ ನಾಡಿ ಮೇಲೇ ನಡೆದಿದ್ದು. ಒಂದು ಬಡಿತಾನೂ ತಪ್ಪದ ಹೃದಯ. ಇವತ್ತಿಗೂ ನಮ್ಮ ಕಂಪ್ಯೂಟರಲ್ಲಿ ಓಡ್ತಾನೇ ಇದೆ.”

ಮಗಳು ತಲೆ ಎತ್ತಿದಳು. “ಡಾಕ್ಟರು ಬೇರೆ ಹೇಳಿದ್ರಲ್ಲ. ಬಡಿತ ತಪ್ಪೋದು ವರ್ಷಗಳಿಂದ ಇದ್ದಿರಬೇಕು, ಮೊದಲೇ ಯಾರಾದ್ರೂ ನೋಡಿದ್ರೆ ಉಳಿಸಬಹುದಿತ್ತೇನೋ ಅಂದ್ರು.”

ಶಿಷ್ಯ ಮೇಷ್ಟ್ರ ಮುಖ ನೋಡಿದ. ಸುಮ್ಮನಿದ್ದರೆ ಮುಗಿಯುತ್ತಿತ್ತು, ಸತ್ತವಳು ಎದ್ದು ಬಂದು ಸಾಕ್ಷಿ ಹೇಳುತ್ತಿರಲಿಲ್ಲ. ಹೇಳಿದರೆ ಉಳಿದಿರುವ ಒಬ್ಬ ಮಗಳೂ ಮುಖ ತಿರುಗಿಸಿಯಾಳೆಂಬ ದಿಗಿಲು ಬೇರೆ.

“ಆವತ್ತೇ ಒಂದು ಬಡಿತ ತಪ್ಪಿತ್ತು,” ಎಂದರು. “ನನ್ನ ಕಣ್ಣಿಗೆ ಬಿದ್ದಿತ್ತು. ಲೆಕ್ಕಕ್ಕೆ ಅಡ್ಡ ಬರುತ್ತೆ ಅಂತ ಕತ್ತರಿಸಿ ಹಾಕ್ದೆ. ಅವಳಿಗೂ ಹೇಳ್ಲಿಲ್ಲ.”

ಹೊರಗೆ ಗಾಡಿ ಬಂದು ನಿಂತಿತು.

ಮಗಳು ಬಹಳ ಹೊತ್ತು ಅಮ್ಮನನ್ನೇ ನೋಡಿದಳು. ಆಮೇಲೆ ತನ್ನ ಗಡಿಯಾರ ಬಿಚ್ಚಿ, ಎಡಗೈಯನ್ನು ಅಪ್ಪನ ತೊಡೆಯ ಮೇಲಿಟ್ಟಳು.

“ನನ್ನದೂ ನೋಡಿ. ಇದ್ದಿದ್ದು ಇದ್ದ ಹಾಗೆ ಹೇಳಿ.”

ಗಾಡಿಯವನು ಎರಡು ಸಲ ಹಾರನ್ ಬಾರಿಸಿದ. ಮೇಷ್ಟ್ರು ಅವಳ ಮಣಿಕಟ್ಟಿಗೆ ಬೆರಳೊತ್ತಿ, ಕಣ್ಣು ಮುಚ್ಚಿ, ಮುಂದಿನ ಬಡಿತಕ್ಕೆ ಕಾಯುತ್ತಿದ್ದರು.