ಚಪ್ಪಲಿ ಕಾಯುವ ಸರದಿ

ಒಂದು ಬಿಯರಿನ ದುಡ್ಡಿಗೆ ಎರಡು ಹೊತ್ತಿನ ಊಟ ಬರುತ್ತದೆ. ಹತ್ತು ಬಿಯರಿನ ದುಡ್ಡಿಗೆ ತಿಂಗಳ ಬಸ್ ಪಾಸು. ಈ ಲೆಕ್ಕ ಗುಬ್ಬಿ ಎಂಬ ಅಡ್ಡಹೆಸರಿನ ಹುಡುಗನಿಗೂ ಗೊತ್ತಿತ್ತು. ಆದರೆ ಅಪ್ಪ ಫೋನಿನಲ್ಲಿ, "ಹುಡುಗರ ಮೇಲೆ ಮನಸ್ಸಾಗೋದು ಕಾಯಿಲೆ, ಬೇಗ ಸರಿ ಹೋಗು" ಎಂದ ದಿನ ಅವನಿಗೆ ಲೆಕ್ಕವೆಲ್ಲ ಮರೆಯುತ್ತಿತ್ತು.

ಅವನಿಗೆ ಕಾಲೇಜಿನಲ್ಲಿ ಎರಡನೇ ವರ್ಷ. ಟೈಲರ್ ಕೆಲಸ ಮಾಡುವ ತನ್ನ ಅಕ್ಕನ ಮನೆಯಲ್ಲಿದ್ದು ಓದುತ್ತಿದ್ದ. ಅವನ ಮನಸ್ಸು ಎಂಥದೆಂದು ಅಕ್ಕನಿಗೂ ಗೊತ್ತು, ಅವಳ ತಕರಾರೇನಿಲ್ಲ.

ಪರೀಕ್ಷೆ ಮುಗಿದ ಮಧ್ಯಾಹ್ನ ಅವನ ಗೆಳತಿ ಪಾರ್ಟಿಗೆ ಕರೆಯಲು ಬಂದಳು. ಅವಳಿಗೆ ಹುಡುಗಿಯರೆಂದರೆ ಇಷ್ಟ. ವಾದಕ್ಕೆ ನಿಂತರೆ ಬಿಡುವವಳಲ್ಲ, ಹಾಗಾಗಿ ಎಲ್ಲರ ಬಾಯಲ್ಲೂ ಲಾಯರಮ್ಮ.

"ಇವತ್ತು ಚಪ್ಪಲಿ ಕಾಯೋ ಸರದಿ ನಂದು," ಎಂದಳು.

ಅಕ್ಕ ಮೆಷಿನ್ ನಿಲ್ಲಿಸಿದಳು. "ಅಷ್ಟು ಚೆಂದ ರೆಡಿಯಾಗಿ ಚಪ್ಪಲಿ ಕಾಯೋಕೆ ಹೋಗ್ತಿದೀಯಾ?"

"ಹೂಂ ಅಕ್ಕ. ನಮ್ಮ ಗುಂಪಲ್ಲಿ ಪ್ರತಿ ಸಲ ಒಬ್ಬರು ಕುಡಿಯಲ್ಲ. ಎಲ್ಲರ ಚಪ್ಪಲಿ ಅವರ ಚೀಲದಲ್ಲಿ. ಹೊರಡೋರು ಅವರ ಹತ್ರ ಮಾತಾಡಿಯೇ ಹೊರಡಬೇಕು. ತೂರಾಡ್ತಿದ್ರೆ ಹೊರಗಿನವರ ಜೊತೆ ಕಳಿಸಲ್ಲ."

"ಹುಡುಗೀರಿಗೆ ಸರಿ. ಗಂಡು ಹುಡುಗನಿಗೆ ಏನಾಗುತ್ತೆ ಬಿಡು."

"ಆಗುತ್ತಕ್ಕ. ಆದ್ರೆ ಹೇಳ್ಕೊಳ್ಳೋಕಾಗಲ್ಲ. 'ನೀನು ಅಂಥವನೇ ತಾನೇ' ಅಂತಾರೆ. ಅದು ಗೊತ್ತಿದ್ದೇ ಕೆಲವರು ನಮ್ಮಂಥವರನ್ನ ಹುಡುಕ್ಕೊಂಡು ಬರ್ತಾರೆ."

ಅಕ್ಕ ನಕ್ಕು ಮತ್ತೆ ಹೊಲಿಯತೊಡಗಿದಳು.

ಪಾರ್ಟಿಯಲ್ಲಿ ಗುಬ್ಬಿ ಅಪ್ಪನ ಮಾತು ನೆನೆದು ಅತ್ತ. ಒಬ್ಬ ಸೀನಿಯರ್ ಸಮಾಧಾನ ಹೇಳುತ್ತಲೇ ಲೋಟದ ಮೇಲೆ ಲೋಟ ಕುಡಿಸಿ, ಭುಜ ಹಿಡಿದು ಬಾಗಿಲಿಗೆ ತಂದ.

"ನನ್ನ ರೂಮಲ್ಲಿ ಮಲಗಲಿ ಪಾಪ. ಇವನ ಚಪ್ಪಲಿ ಕೊಡು."

"ಗುಬ್ಬಿ, ಎಲ್ಲಿಗೋ ಹೊರಟೆ?" ಎಂದಳು ಲಾಯರಮ್ಮ. ಗುಬ್ಬಿಗೆ ನಾಲಿಗೆಯೇ ಹೊರಳಲಿಲ್ಲ.

"ಚಪ್ಪಲಿ ಇಲ್ಲ," ಎಂದಳು ಅವಳು ಸೀನಿಯರಿಗೆ.

"ಬರಿಗಾಲಲ್ಲೇ ಕರ್ಕೊಂಡು ಹೋಗ್ತೀನಿ."

"ಆಯ್ತು. ನಾವೆಲ್ಲರೂ ಬರಿಗಾಲಲ್ಲೇ ನಿಮ್ಮ ರೂಮಿಗೆ ಬರ್ತೀವಿ. ಕಾಫಿ ಮಾಡಿಕೊಡಿ."

ಸೀನಿಯರ್ ಗುಬ್ಬಿಯ ಭುಜ ಬಿಟ್ಟ. ಗೆಳೆಯರೆಲ್ಲ ಸೇರಿ ಗುಬ್ಬಿಯನ್ನು ಅಕ್ಕನ ಮನೆಗೆ ತಲುಪಿಸಿದರು.

ಮರುದಿನ ಗುಬ್ಬಿ ಎಲ್ಲವನ್ನೂ ಹೇಳಿ, "ತಪ್ಪು ನಂದೇ ಅಕ್ಕ, ಕುಡಿದವನು ನಾನು," ಎಂದ.

"ಕುಡಿದವನು ನೀನು. ಹೊತ್ಕೊಂಡು ಹೋಗೋಕೆ ನೋಡಿದವನು ಅವನು. ಎರಡನ್ನೂ ಸೇರಿಸಿ ಹೊಲಿಬೇಡ. ಗಂಡು ಹುಡುಗನಿಗೆ ಏನಾಗುತ್ತೆ ಅಂದೆನಲ್ಲ, ಆ ಮಾತು ವಾಪಸ್ ತಗೊಂಡೆ. ಅಪ್ಪನ ಫೋನ್ ಬಂದ್ರೆ ಇನ್ಮೇಲೆ ನನ್ನ ಕೈಗೆ ಕೊಡು. ಅಳು ಬಂದ್ರೆ ಇಲ್ಲೇ ಕೂತು ಅಳು, ಗಿರಾಕಿಗಳ ಬಟ್ಟೆ ಮಾತ್ರ ನೆನೆಸಬೇಡ."

ಅಕ್ಕ, ತಮ್ಮ ಇಬ್ಬರೂ ಹೋಗಿ ಕಾಲೇಜಿಗೆ ದೂರು ಕೊಟ್ಟರು. ಗುಬ್ಬಿ ಆಪ್ತಸಮಾಲೋಚಕಿಯನ್ನು ಕಾಣತೊಡಗಿದ.

ಓದುವ ಮಕ್ಕಳೇ, ನೋವಾದಾಗ ಬಾಟಲಿಯನ್ನಲ್ಲ, ಮನುಷ್ಯರನ್ನು ಹುಡುಕಿ. ಜೊತೆಗೆ ಹೋದವರು ಜೊತೆಗೇ ಬನ್ನಿ. ಮೈಮೇಲೆ ಎಚ್ಚರವಿಲ್ಲದವರು ಒಪ್ಪಿಗೆ ಕೊಡಲಾರರು. ಅನಾಹುತ ಆಗಿದ್ದರೆ ತಪ್ಪು ನಿಮ್ಮದಲ್ಲ. ನಂಬುವವರಿಗೆ ಹೇಳಿ, ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಮನೆಯವರೇ, ಮಕ್ಕಳು ಹೇಳಿದ್ದನ್ನು ಮೊದಲು ಕೇಳಿಸಿಕೊಳ್ಳಿ.

ಗುಬ್ಬಿ ಕಳೆದುಕೊಂಡದ್ದು ಪರೀಕ್ಷೆ ಮುಗಿದ ಆ ಒಂದು ದಿನ. ಅವನಿಗೆ ಸಿಕ್ಕಿದ್ದು, ತನ್ನ ಮಾತಿಗೆ ಕಿವಿಗೊಡುವ ಅಕ್ಕ.