ಟೇಪ್ ಓಡುವಾಗ ಮಾತಾಡಬಾರದು

ಮನೆತನಗಳ ಚರಿತ್ರೆಯಲ್ಲಿ ಕೆಲವು ಗಳಿಗೆಗಳು ಕಲ್ಲಿನಲ್ಲಿ ಕೊರೆಸಿಡಲು ಯೋಗ್ಯವಾದವು. ಆ ಭಾನುವಾರ ಬೆಳಿಗ್ಗೆ ನಡುಮನೆಯ ಫ್ಯಾನು ನಿಂತದ್ದು ಅಂಥದ್ದೊಂದು. ನಿಲ್ಲಿಸಿದವರು ಮಾವ. ಕಿಟಕಿ ಮುಚ್ಚಿ, ಬಾಗಿಲಿಗೆ ಚಿಲಕ ಜಡಿದು, ಸಂದಿಗೆ ಹಳೇ ಟವೆಲ್ ತುರುಕಿದವರೂ ಅವರೇ. ಒಳಗೆ ಆಗಲೇ ಬೆವರತೊಡಗಿದ್ದ ಕಿರಿಯ ಅಳಿಯನಿಗೆ ಅಪ್ಪಣೆಯಾಯಿತು: "ಹೂಂ, ಶುರು ಮಾಡು."

ಮಾವ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು, ಹೊರಡುವ ಬಸ್ಸುಗಳ ಹೆಸರು ಕೂಗಿ ನಿವೃತ್ತರಾದವರು. ಊರಿಗೆ ಊರನ್ನೇ ಹೊರಡಿಸಿದ ಆ ಬಾಯಿ ತನ್ನ ಮನೆಯಿಂದ ಮಾತ್ರ ಒಬ್ಬರನ್ನೂ ಹೊರಡಿಸಿರಲಿಲ್ಲ. ಹಿರಿಯ ಅಳಿಯ ಸಂಸಾರ ಸಮೇತ ಮಹಡಿಯಲ್ಲಿದ್ದ, ಕಿರಿಯವನು ಕೆಳಗೆ. ಮನೆಮಂದಿಯ ಮಾತು, ಕೆಮ್ಮು, ಜಗಳಗಳನ್ನೆಲ್ಲ ಮಾವ ವರ್ಷಗಟ್ಟಲೆ ಕ್ಯಾಸೆಟ್ಟುಗಳಲ್ಲಿ ತುಂಬಿಟ್ಟಿದ್ದರು. ಬೂಷ್ಟು ಹಿಡಿಯುವ ಮೊದಲು ಅವು ಕಂಪ್ಯೂಟರಿಗೆ ಏರಬೇಕಿತ್ತು.

ಎರಡು ಯಂತ್ರಗಳ ನಡುವೆ ಒಂದು ತಂತಿ ಸಿಕ್ಕಿಸಿದ್ದರೆ ಸದ್ದಿಲ್ಲದೆ ಮುಗಿಯುವ ಕೆಲಸ. ಅಳಿಯ ತಂತಿ ತಂದೂ ಇದ್ದ. "ತಂತಿಯಲ್ಲಿ ಕರೆಂಟ್ ಬರುತ್ತೆ, ಗಾಳಿ ಬರಲ್ಲ. ಧ್ವನಿ ಅಂದ್ರೆ ಗಾಳಿ ಕಣಯ್ಯ!" ಎಂದ ಮಾವ ಆ ತಂತಿಯಿಂದ ಹಳೇ ಪೇಪರಿನ ಕಟ್ಟು ಬಿಗಿದಿದ್ದರು. ಹೀಗಾಗಿ ಟೇಪ್ ರೆಕಾರ್ಡರು ಹಾಡಬೇಕು, ಕಂಪ್ಯೂಟರಿನ ಮೈಕು ಕೇಳಬೇಕು, ಉಳಿದವರು ಉಸಿರು ಬಿಗಿಹಿಡಿದು ಕೂರಬೇಕು. ಅದರಲ್ಲೂ ಕ್ಯಾಸೆಟ್ಟು ಯಾರ ಅವಸರಕ್ಕೂ ಜಗ್ಗುವ ಪ್ರಾಣಿಯಲ್ಲ. ಎಷ್ಟು ಹೊತ್ತು ಮಾತಾಡಿದ್ದರೋ ಅಷ್ಟೇ ಹೊತ್ತು ಓಡುತ್ತದೆ.

ಅಳಿಯನಿಗೋ ಅವಸರ. ನಾಲ್ಕು ಬೀದಿ ಆಚೆ, ಸ್ವಂತ ಬಾಗಿಲಿರುವ ಎರಡು ಕೋಣೆಯ ಬಾಡಿಗೆ ಮನೆ ಸಿಕ್ಕಿತ್ತು. ಇವತ್ತು ಮಧ್ಯಾಹ್ನದೊಳಗೆ ಹೂಂ ಅನ್ನದಿದ್ದರೆ ಬೇರೆಯವರಿಗೆ ಕೊಡುವುದಾಗಿ ಮನೆಯೊಡತಿ ಹೇಳಿದ್ದಳು. ಮಾವನಿಗೆ ಹೇಳದೆ ಹೂಂ ಅನ್ನುವಂತಿರಲಿಲ್ಲ. "ನೀವೇ ಹೇಳ್ಬೇಕು. ನಾನು ಹೇಳೋಕೆ ಹೋದ್ರೆ ಅಳು ಬರುತ್ತೆ, ಅಪ್ಪಂಗಲ್ಲ, ನಂಗೆ" ಎಂದು ಹೆಂಡತಿ ಕೈ ತೊಳೆದುಕೊಂಡಿದ್ದಳು.

ಒಂದು ಬದಿ ಮುಗಿಯಿತು. "ಮಾವ, ಒಂದು ವಿಷಯ..."

"ಮಗುಚಿ ಹಾಕು ಮೊದ್ಲು. ಆರಿ ಹೋಗುತ್ತೆ."

ಏನು ಆರುತ್ತದೆಂದು ಕೇಳುವಷ್ಟರಲ್ಲಿ ಮಾವನ ಬೆರಳು ತುಟಿಗೇರಿತ್ತು. ಮೈಕಿಗೆ ಜೀವ ಬಂದಿತ್ತು.

ಟೇಪಿನಲ್ಲಿ ತಟ್ಟೆಗಳು ಸದ್ದು ಮಾಡಿದವು. ಅತ್ತೆ ಕೆಮ್ಮಿದರು. ಆಮೇಲೆ ಒಂದು ಎಳೆಯ ಗಂಡುದನಿ: "ಮಾವ, ನಾವು ಬೇರೆ ಮನೆ ನೋಡಿದೀವಿ."

"ಶ್! ಟೇಪ್ ಓಡ್ತಿದೆ" ಎಂದಿತು ಅದೇ ಟೇಪಿನೊಳಗಿನ ಮಾವನ ದನಿ.

ಅದು ಷಡ್ಡಕನ ಗಂಟಲು! ಈಗ ಮಹಡಿಯ ಮೇಲೆ ಅದೇ ಷಡ್ಡಕ ಚಪ್ಪಲಿ ಎಳೆಯುತ್ತ ಅತ್ತಿಂದಿತ್ತ ನಡೆಯುತ್ತಿದ್ದ. ಕಿರಿಯ ಅಳಿಯನ ಬೆವರು ಒಮ್ಮೆಲೇ ತಣ್ಣಗಾಯಿತು. ಈಗಿಲ್ಲದಿದ್ದರೆ ಇನ್ನಿಲ್ಲ. ಕಣ್ಣು ಮುಚ್ಚಿ, ಬಾಯಿ ಬಿಟ್ಟು ಕೂಗಿಯೇಬಿಟ್ಟ: "ಮಾವ, ನಾವು ಬೇರೆ ಮನೆ ನೋಡಿದೀವಿ!"

ಮಾವನ ಬೆರಳು ತುಟಿಯಿಂದ ಕದಲಲಿಲ್ಲ. ಆ ಬದಿಯೂ ಮುಗಿದ ಮೇಲೆ ಅವರು ಕಂಪ್ಯೂಟರಿಗೇರಿದ್ದನ್ನು ತಲೆದೂಗುತ್ತ ಕೇಳಿದರು.

"ಕೇಳಿಸ್ತಾ ಮಾವ?"

"ಕೇಳಿಸ್ದೆ ಏನು? ಒಂದೇ ವಾಕ್ಯ ಎರಡು ಸಲ ಬಿದ್ದಿದೆ. ನಿನ್ನ ಕಂಪ್ಯೂಟರಿಗೆ ತೊದಲು."

"ಮೊದಲನೇದು ಮಹಡಿ ಅಣ್ಣಂದು. ಎರಡನೇದು ನಂದು!"

"ಅಳಿಯ ಅಲ್ಲ, ಮಗಳ ಗಂಡ. ಒಂದು ಸಾಕು. ಮೊದಲಿಂದ ಹಾಕು."

ಗಲಾಟೆ ಕೇಳಿ ಮಹಡಿಯಿಂದ ಇಳಿದು ಬಂದ ಷಡ್ಡಕ ಬಾಗಿಲು ತೆರೆಸಿಕೊಂಡು ಇಣುಕಿದ. "ನಂಗೂ ಆವತ್ತು ಹೇಳಿದ್ರು, ಕ್ಯಾಸೆಟ್ ಎಲ್ಲಾ ಮುಗೀಲಿ, ಕೂತು ಮಾತಾಡೋಣ ಅಂತ."

"ಮಾತಾಡಿದ್ರಾ?"

"ಇನ್ನೂ ಮುಗಿದಿಲ್ವಲ್ಲ" ಎಂದ ಷಡ್ಡಕ, ಹೋಗುವಾಗ ಟವೆಲನ್ನು ಸಂದಿಗೆ ಸರಿಯಾಗಿ ಒತ್ತಲು ಹೇಳಿದ.

ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮೊದಲಿನಿಂದ ಹಾಕಲಾಯಿತು. ಆ ಎರಡು ಕೋಣೆಗೆ ಬೇರೆಯವರು ಬಂದರು.